ವಿಭೂತಿಗೆ ಮುಂಚೆ ಆಸಿಡ್

ನಾನು ಮುಖಕ್ಕೆ ಆಸಿಡ್ ಹಚ್ಚಿಕೊಂಡವನು. ಇದನ್ನು ಹೀಗೆ ಒಂದೇ ಉಸಿರಿಗೆ ಹೇಳಿಬಿಟ್ಟರೆ ಕೇಳಿದವರು ಗಾಬರಿಯಾಗುತ್ತಾರೆ, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಐವತ್ತು ದಾಟಿದ ಗಂಡಸು, ಅದರಲ್ಲೂ ಗುಬ್ಬಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಹೇಳುವ ಮೇಷ್ಟ್ರು, ಮುಖದ ಕಾಂತಿಯ ಬಗ್ಗೆ ಯೋಚಿಸಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೂ ನಮ್ಮ ಕಡೆ ಗಂಡಸಿನ ಮುಖಕ್ಕೆ ಒಂದು ಸೋಪು, ಒಂದಿಷ್ಟು ವಿಭೂತಿ, ಇಷ್ಟೇ ಅಲಂಕಾರ ಎಂಬ ಅಲಿಖಿತ ಒಪ್ಪಂದವೊಂದು ಮೊದಲಿನಿಂದ ಇದೆ. ನಾನು ಚಿಕ್ಕವನಿದ್ದಾಗ ನಮ್ಮವ್ವ ಭಾನುವಾರದ ಎಣ್ಣೆ ಸ್ನಾನದಲ್ಲಿ ತೆಂಗಿನ ನಾರು ಹಿಡಿದು ನಮ್ಮ ಬೆನ್ನು ತಿಕ್ಕುತ್ತಿದ್ದಳು. ತಿಕ್ಕಿಸಿಕೊಂಡು ಎದ್ದವನಿಗೆ ಹೋದದ್ದು ಕೊಳೆಯೋ ಚರ್ಮವೋ ತಿಳಿಯುತ್ತಿರಲಿಲ್ಲ. ಸತ್ತ ಚರ್ಮವನ್ನು ಬಿಡಿಸಿ ಹೊಸ ಚರ್ಮವನ್ನು ಮೇಲಕ್ಕೆ ತರುವ ವಿದ್ಯೆ ನಮಗೇನೂ ಹೊಸದಲ್ಲ, ಈಗ ಅದು ಸಣ್ಣ ಬಾಟಲಿಯಲ್ಲಿ, ತಿಕ್ಕುವ ಶ್ರಮವಿಲ್ಲದೆ ಸಿಗುತ್ತದೆ ಅಷ್ಟೆ.

ಈ ಸಾಹಸವನ್ನು ನಾನು ನನ್ನ ಮುಖಕ್ಕಾಗಿ ಮಾಡಲಿಲ್ಲ. ನನ್ನ ಹೆಂಡತಿ ಸರ್ವಮಂಗಳಾಳ ಮುಖಕ್ಕಾಗಿ ಮಾಡಿದೆ. ಮಗಳು ಹುಟ್ಟಿದ ಮೇಲೆ ಅವಳ ಎರಡೂ ಕೆನ್ನೆಗೆ ಬಂಗು ಬಿತ್ತು. ತೆಳ್ಳಗೆ ಕಾಫಿ ಡಿಕಾಕ್ಷನ್ ಚೆಲ್ಲಿದಂಥ ಕಂದು ಕಲೆ. ನೋವಿಲ್ಲ, ತುರಿಕೆಯಿಲ್ಲ, ಯಾರಿಗೂ ತೊಂದರೆಯಿಲ್ಲ. ಆದರೆ ಯಾವುದೋ ಗೃಹಪ್ರವೇಶದಲ್ಲಿ ನೆಂಟರ ಪೈಕಿ ಒಬ್ಬ ಮುದುಕಿ ಅವಳ ಗಲ್ಲ ಹಿಡಿದೆತ್ತಿ, ಎಲ್ಲರ ಎದುರಿಗೆ, "ಏನವ್ವ, ಒಲೆ ಮುಂದೆ ಮುಖ ಸುಟ್ಕಂಡ್ಯಾ?" ಎಂದು ಕೇಳಿದಳಂತೆ. ಕೇಳಿದವಳು ಅಲ್ಲೇ ಮರೆತಳು. ಇವಳು ಮರೆಯಲಿಲ್ಲ. ಅಂದಿನಿಂದ ನಮ್ಮ ಬಂಧುಬಳಗದ ಯಾವ ಮದುವೆಯಾದರೂ ಸರಿ, ಇವಳು ನೇರವಾಗಿ ಉಗ್ರಾಣದ ಕೀಲಿಕೈ ಇಸಿದುಕೊಂಡು ಒಳಗೆ ಸೇರಿಬಿಡುತ್ತಿದ್ದಳು. ಕಲ್ಯಾಣ ಮಂಟಪದ ಉಗ್ರಾಣ ಗೊತ್ತಲ್ಲ, ಅಕ್ಕಿ ಮೂಟೆ, ಎಣ್ಣೆ ಡಬ್ಬ, ತೆಂಗಿನಕಾಯಿ ರಾಶಿ ಇರುವ ಕತ್ತಲೆ ಕೋಣೆ. ಅಡುಗೆಯವರು ಒಂದು ಸಲ ಕೊಟ್ಟ ಸಕ್ಕರೆಯನ್ನು ಎರಡನೇ ಸಲ ಕೇಳದಂತೆ ನೋಡಿಕೊಳ್ಳುವುದು ಅಲ್ಲಿಯ ಕೆಲಸ. ಅಷ್ಟು ಜವಾಬ್ದಾರಿಯ ಹೆಣ್ಣುಮಗಳು ಇನ್ನೊಬ್ಬಳಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು, ನಾನೂ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದೆ. ಉಗ್ರಾಣಕ್ಕೆ ಫೋಟೋದವರು ಬರುವುದಿಲ್ಲ ಎಂಬ ಸರಳ ವಿಷಯ ನನಗೆ ಬಹಳ ಕಾಲ ಹೊಳೆಯಲಿಲ್ಲ. ನಮ್ಮ ಮನೆಯ ಆಲ್ಬಮ್ಮುಗಳಲ್ಲಿ ನಾನಿದ್ದೇನೆ, ಮಗಳಿದ್ದಾಳೆ, ನನ್ನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗವಿದೆ.

ಹೀಗಿರುವಾಗ ಕುಣಿಗಲ್ಲಿನಿಂದ ಅವಳ ತಮ್ಮ ಷಡಕ್ಷರಿ ಫೋನು ಮಾಡಿದ. ಕೊತ್ತಗೆರೆಯ ತೋಟ ಹೊಲ ನೋಡಿಕೊಂಡಿರುವ ಅವನಿಗೆ ಒಬ್ಬಳೇ ಮಗಳು. ಅವಳ ಮದುವೆ ಗೊತ್ತಾಗಿತ್ತು. ಅವರ ಮನೆಯ ಪದ್ಧತಿಯಲ್ಲಿ ಮದುಮಗಳಿಗೆ ಮೊದಲು ಅರಿಶಿನ ಹಚ್ಚುವವಳು ಸೋದರತ್ತೆ. ಆಮೇಲೆಯೇ ಉಳಿದವರ ಕೈ. ಷಡಕ್ಷರಿ ಅಕ್ಕನ ಸ್ವಭಾವ ಬಲ್ಲವನು, ಪೀಠಿಕೆ ಹಾಕಲಿಲ್ಲ. "ಅಕ್ಕ, ಈ ಸಲ ಉಗ್ರಾಣಕ್ಕೆ ಬೇರೆಯವ್ರನ್ನ ಹಾಕಿದೀನಿ. ಮೊದಲ್ನೇ ಅರಿಶಿನ ನಿನ್ ಕೈಲೇ ಆಗ್ಬೇಕು. ನೀನ್ ಮುಂದೆ ಬರ್ಲಿಲ್ಲ ಅಂದ್ರೆ ಶಾಸ್ತ್ರನೇ ಬ್ಯಾಡ, ಬುಡು" ಎಂದ. ಇವಳು ಆಯಿತು ಎಂದು ಫೋನಿಟ್ಟು ಕನ್ನಡಿಯ ಮುಂದೆ ಹೋಗಿ ನಿಂತಳು. ಈಗಿನ ಅರಿಶಿನ ಶಾಸ್ತ್ರವೆಂದರೆ ಹಳೆಯ ಕಾಲದಂತಲ್ಲ. ಎರಡು ಕ್ಯಾಮೆರಾ, ಕಣ್ಣು ಕುಕ್ಕುವ ಲೈಟು, ಸಾಲದ್ದಕ್ಕೆ ಮಂಟಪದ ತುಂಬ ಎಲ್ಲರ ಕೈಯಲ್ಲೂ ಮೊಬೈಲು. ಅವಳು ಅಲ್ಲಿ ನಿಂತಿದ್ದ ರೀತಿ ನೋಡಿ ನಾನು ಮಗಳಿಗೆ ವಿಷಯ ಹೇಳಿದೆ.

ನಾವಿರುವ ತುಮಕೂರಿನಲ್ಲೇ ಫಾರ್ಮಸಿ ಓದುತ್ತಿರುವ ನಮ್ಮ ಮಗಳು ಸಿಂಚನಾ ಮಾರನೆಯ ದಿನ ಬಟವಾಡಿಯ ಮೆಡಿಕಲ್ ಸ್ಟೋರಿನಿಂದ ಒಂದು ಸಣ್ಣ ಬಾಟಲಿ ತಂದಳು. ಅದರಲ್ಲಿರುವುದು ಲ್ಯಾಕ್ಟಿಕ್ ಆಸಿಡ್, ಬಹಳ ಸೌಮ್ಯವಾದದ್ದು, ಸತ್ತ ಚರ್ಮವನ್ನು ಮೆಲ್ಲಗೆ ಸಡಿಲಿಸುತ್ತದೆ, ಮುಖ ನುಣುಪಾಗಿ ಒಂದಿಷ್ಟು ಕಳೆ ಬರುತ್ತದೆ, ಬಂಗು ಪೂರ್ತಿ ಹೋಗದಿದ್ದರೂ ತಿಳಿಯಾದೀತು ಎಂದು ವಿವರಿಸಿದಳು. ರಾತ್ರಿ ಮುಖ ತೊಳೆದು, ಒರೆಸಿ, ವಾರಕ್ಕೆ ಎರಡು ಮೂರು ಸಲ ಹಚ್ಚಬೇಕು, ಹಗಲು ಬಿಸಿಲಿಗೆ ಸನ್‌ಸ್ಕ್ರೀನ್ ಬೇಕು. ಎಲ್ಲ ಸರಿ, ಆದರೆ ನಮ್ಮ ಮನೆಯಲ್ಲಿ ಆಸಿಡ್ ಎಂದರೆ ಸೈಕಲ್ಲಿನ ಮೇಲೆ ಕೂಗಿಕೊಂಡು ಬರುವವನು ಮಾರುವ, ಬಚ್ಚಲು ತೊಳೆಯುವ ವಸ್ತು. ಮಂಗಳಾ ಬಾಟಲಿಯನ್ನು ಮುಟ್ಟಲೂ ಇಲ್ಲ. ನಾನು ಮೇಷ್ಟ್ರ ಗತ್ತಿನಲ್ಲಿ, ಇದು ಮೊಸರಿನಲ್ಲಿರುವ ಆಮ್ಲವೇ ಕಣೇ, ಹೆದರಬೇಡ ಎಂದೆ. ಹಾಗಾದರೆ ಫ್ರಿಜ್ಜಿನಲ್ಲಿರುವ ಮೊಸರನ್ನೇ ಹಚ್ಚಿಕೊಳ್ಳಬಹುದಲ್ಲ ಎಂದಳು. ನನ್ನಲ್ಲಿ ಉತ್ತರವಿತ್ತು, ಆದರೆ ಅದು ಉದ್ದದ ಉತ್ತರ, ಅವಳು ಅಷ್ಟು ಹೊತ್ತು ನಿಲ್ಲುವವಳಲ್ಲ. ಕೊನೆಗೆ ಅವಳೇ ತೀರ್ಮಾನ ಹೇಳಿದಳು. "ನೀವ್ ಮೊದ್ಲು ಹಚ್ಕಳ್ರೀ. ನಿಮಗೇನೂ ಆಗ್ಲಿಲ್ಲ ಅಂದ್ರೆ ಆಮೇಲ್ ನನ್ ಮುಖದ್ ಮಾತು."

ಮದುವೆಗೆ ಇನ್ನೂ ಸಾಕಷ್ಟು ವಾರಗಳಿದ್ದವು. ನಾನು ಒಪ್ಪಿಕೊಂಡೆ. ಪ್ರಯೋಗ ಎಂದ ಮೇಲೆ ಶಿಸ್ತು ಇರಬೇಕು, ಮಕ್ಕಳಿಗೆ ನಾನು ಹೇಳುವುದೂ ಅದನ್ನೇ. ಆದರೆ ನನಗೆ ರಾತ್ರಿಯ ಊಟವಾದ ಮೇಲೆ ದಿಂಬು ಒಂದು ಬಿಟ್ಟು ಬೇರೇನೂ ನೆನಪಾಗುವುದಿಲ್ಲ. ಮೊದಲ ವಾರ ಒಂದು ದಿನವೂ ಹಚ್ಚಲಿಲ್ಲ. ನನ್ನ ಬದುಕಿನಲ್ಲಿ ಎಂದೂ ತಪ್ಪದೆ ನಡೆಯುವುದು ಬೆಳಗಿನ ಸ್ನಾನ ಮತ್ತು ಪೂಜೆ. ಹೀಗಾಗಿ ಬಹಳ ಯೋಚನೆ ಮಾಡಿ ಬಾಟಲಿಯನ್ನು ತಂದು ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲೇ ಇಟ್ಟೆ. ಸ್ನಾನ ಮಾಡಿ ಬಂದವನು ಮುಖಕ್ಕೆಲ್ಲ ನಾಲ್ಕು ಹನಿ ಸವರಿಕೊಳ್ಳುವುದು, ಅದರ ಬೆನ್ನಿಗೇ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಮೂರು ಬೆರಳಿನಿಂದ ಹಣೆಗೆ ಅಡ್ಡಲಾಗಿ ಎಳೆಯುವುದು, ಲಿಂಗಪೂಜೆ ಮುಗಿಸಿ ಗುಬ್ಬಿಯ ಬಸ್ಸಿಗೆ ಓಡುವುದು. ವಾರಕ್ಕೆ ಎರಡು ಮೂರು ಸಲ ಎಂದದ್ದು, ದೇವರ ಗೂಡಿಗೆ ಬಂದ ಮೇಲೆ ತಾನಾಗಿ ನಿತ್ಯದ ವ್ರತವಾಯಿತು. ಮಗಳಿಗೆ ಹೇಳಲಿಲ್ಲ. ವಿಜ್ಞಾನದ ಮೇಷ್ಟ್ರಿಗೆ ಓದುವ ಹುಡುಗಿಯ ಬುದ್ಧಿವಾದ ಬೇಡವೆನಿಸಿತು.

ಆಸಿಡ್ ಒಳ್ಳೆಯದೇ, ಆ ಮಾತನ್ನು ನಾನು ಮುಚ್ಚಿಡುವುದಿಲ್ಲ. ಮೊದಮೊದಲು ಸಣ್ಣಗೆ ಚುಮುಚುಮು ಎನ್ನುತ್ತಿತ್ತು, ಆಮೇಲೆ ಅದೂ ನಿಂತಿತು. ಗಡ್ಡ ಕೆರೆದ ಮೇಲೆ ಮರಳು ಕಾಗದದಂತೆ ಇರುತ್ತಿದ್ದ ಕೆನ್ನೆ ನುಣ್ಣಗಾಯಿತು. ಸ್ಟಾಫ್ ರೂಮಿನಲ್ಲಿ ಹಿಂದಿ ಮೇಡಂ ನನ್ನನ್ನು ನೋಡಿ, ಸಾರ್ ಈಚೆಗೆ ಸಕ್ಕರೆ ಬಿಟ್ಟಿರಾ, ಮುಖದಲ್ಲಿ ಕಳೆ ಬಂದಿದೆ ಎಂದರು. ನಾನು ಗಂಭೀರವಾಗಿ ಹೌದೆಂದೆ. ಮನೆಯಲ್ಲಿ ಮಂಗಳಾ ಬಾಯಿ ಬಿಟ್ಟು ಹೇಳದಿದ್ದರೂ ಊಟಕ್ಕೆ ಬಡಿಸುವಾಗ ನನ್ನ ಕೆನ್ನೆಯನ್ನೇ ಗಮನಿಸುತ್ತಿದ್ದಳು. ಒಂದು ಸಂಜೆ ಬಾಟಲಿಯನ್ನು ಕೈಗೆತ್ತಿಕೊಂಡು ಮುಚ್ಚಳ ತೆಗೆದು ಮೂಸಿ ನೋಡಿದಳು. ನಾನು ಪೇಪರಿನ ಹಿಂದೆ ಕುಳಿತು ಎಲ್ಲವನ್ನೂ ನೋಡಿದೆ, ಏನೂ ನೋಡದವನಂತೆ ಇದ್ದೆ.

ಆಮೇಲೆ ಬಂದದ್ದು ಆ ಶನಿವಾರ. ಬೆಳಗಿನ ಶಾಲೆ ಮುಗಿಸಿ ಬಿಸಿಲಿನಲ್ಲಿ ಬಂದವನು ಹಿತ್ತಲ ನಲ್ಲಿಯಲ್ಲಿ ಮುಖ ತೊಳೆದೆ. ಟವಲು ಹಿಡಿದು ನಿಂತಿದ್ದ ಮಂಗಳಾ, ಹಣೆಯ ವಿಭೂತಿ ಇನ್ನೂ ಹೋಗಿಲ್ಲ, ಸರಿಯಾಗಿ ತೊಳೆಯಿರಿ ಎಂದಳು. ತೊಳೆದೆ. ಇನ್ನೂ ಇದೆ ಎಂದಳು. ಸೋಪು ಹಾಕಿ ತೊಳೆದೆ. ಅವಳು ಟವಲಿನ ತುದಿ ಒದ್ದೆ ಮಾಡಿ ತಾನೇ ಉಜ್ಜಿದಳು, ಹತ್ತಿರ ಬಂದು ನೋಡಿದಳು, ಟವಲು ಕೆಳಗಿಳಿಸಿದಳು. ನಾನು ಒಳಗೆ ಹೋಗಿ ಕನ್ನಡಿ ನೋಡಿಕೊಂಡೆ. ಹಣೆಯ ಮೇಲೆ ಮೂರು ಗೆರೆಗಳಿದ್ದವು. ವಿಭೂತಿಯ ಜಾಗದಲ್ಲೇ, ವಿಭೂತಿಯ ಅಳತೆಯಲ್ಲೇ, ಆದರೆ ಬಿಳಿಯವಲ್ಲ, ಕಪ್ಪು. ಯಾವಾಗಲೂ ವಿಭೂತಿಯ ಅಡಿಯಲ್ಲೇ ಇದ್ದುದರಿಂದ ಅದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಂಗಳಾ ಬಾಗಿಲಲ್ಲಿ ನಿಂತು ಮೆಲ್ಲನೆಯ ದನಿಯಲ್ಲಿ ಹೇಳಿದಳು, "ನೋಡುದ್ರಾ? ಇದು ನನ್ ಕೆನ್ನೆಗೆ ಆಗಿದ್ರೆ?" ಬಾಟಲಿಯನ್ನು ದೇವರ ಗೂಡಿನಿಂದ ತೆಗೆದು ಬಚ್ಚಲಿನ ಕಿಟಕಿಯಲ್ಲಿಟ್ಟಳು. ಬಳಿಕ ತಮ್ಮನಿಗೆ ಫೋನು ಮಾಡಿ, ಅರಿಶಿನಕ್ಕೆ ಬೇರೆ ಯಾರನ್ನಾದರೂ ನೋಡಿಕೋ, ಉಗ್ರಾಣದ ಕೆಲಸ ನನಗೇ ಇರಲಿ ಎಂದಳು. ಆ ಕಡೆ ಷಡಕ್ಷರಿ ಏನು ಹೇಳಿದನೋ, ಇವಳು ಕಣ್ಣೊರೆಸಿಕೊಂಡದ್ದು ಮಾತ್ರ ಕಂಡಿತು. ನನ್ನ ಹಣೆ ಹಾಳಾದ ದುಃಖ ನನಗೆ ಅಷ್ಟಾಗಿ ಆಗಲಿಲ್ಲ. ಅವಳು ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಹೆಜ್ಜೆ ಮುಂದಿಡಲು ಹೊರಟಿದ್ದಳು, ಅದನ್ನು ಹಿಂದಕ್ಕೆ ತೆಗೆಸಿದವನು ನಾನು ಎಂಬುದೇ ನನ್ನ ದುಃಖವಾಗಿತ್ತು.

ಸೋಮವಾರ ಹತ್ತನೇ ತರಗತಿಗೆ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ. ಈ ಪಾಠವನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ, ಕೆಲವು ಮಕ್ಕಳು ಅದನ್ನು ನಿದ್ದೆಯಲ್ಲೇ ಕೇಳಬಲ್ಲರು. ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ಎರಡರ ಗುಣವೂ ಹೋಗಿ ಲವಣ ಮತ್ತು ನೀರು ಉಳಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ. ಪ್ರತ್ಯಾಮ್ಲಕ್ಕೆ ಉದಾಹರಣೆ ಹೇಳಬೇಕು. ಪ್ರತಿವರ್ಷ ಹೇಳುವಂತೆ, ಸುಣ್ಣದ ನೀರು, ಒಲೆಯ ಬೂದಿ ಎಂದೆ. ಬೂದಿ ಎಂದವನು ಅಲ್ಲೇ ನಿಂತೆ. ಸೀಮೆಸುಣ್ಣ ಹಿಡಿದ ಕೈ ತಾನಾಗಿ ಹಣೆಗೆ ಹೋಯಿತು. ಆಸಿಡ್ ನನ್ನ ಹಣೆಯನ್ನು ಕಪ್ಪು ಮಾಡಿರಲಿಲ್ಲ. ಮುಖವೆಲ್ಲ ತಿಳಿಯಾಗುತ್ತಿದ್ದಾಗ, ವಿಭೂತಿ ಬಿದ್ದ ಮೂರು ಗೆರೆಯಲ್ಲಿ ಮಾತ್ರ ಬೂದಿಯು ಆಸಿಡನ್ನು ಕೆಲಸ ಮಾಡಲು ಬಿಟ್ಟಿರಲಿಲ್ಲ. ಅಲ್ಲಿ ಉಳಿದಿದ್ದದ್ದು ನನ್ನ ಸ್ವಂತ ಹಳೆಯ ಬಣ್ಣ. ಇಷ್ಟು ವರ್ಷ ಊರ ಮಕ್ಕಳಿಗೆಲ್ಲ ಹೇಳಿಕೊಟ್ಟ ಪಾಠವನ್ನು ನಾನು ದಿನಾ ಬೆಳಗ್ಗೆ ಭಕ್ತಿಯಿಂದ ನನ್ನ ಹಣೆಯ ಮೇಲೆ ಮಾಡಿ ತೋರಿಸಿಕೊಳ್ಳುತ್ತಿದ್ದೆ, ಅರ್ಥ ಮಾತ್ರ ಆಗಿರಲಿಲ್ಲ. ಮಕ್ಕಳು ಸಾರ್‌ಗೆ ತಲೆನೋವೆಂದು ತಿಳಿದು ಬಹಳ ಮರ್ಯಾದೆಯಿಂದ ಗಲಾಟೆ ನಿಲ್ಲಿಸಿದರು.

ಸಂಜೆ ಮನೆಗೆ ಬಂದವನೇ ಶರಟೂ ಬಿಚ್ಚದೆ ಮಂಗಳಾಳಿಗೆ ಎಲ್ಲವನ್ನೂ ವಿವರಿಸಿದೆ. ಸಿಂಚನಾ ಪಕ್ಕದಲ್ಲೇ ಇದ್ದಳು. ಆಸಿಡ್ ಹಚ್ಚಿದ ಬೆನ್ನಿಗೇ ವಿಭೂತಿ, ಅದೂ ಹಗಲಲ್ಲಿ, ಅದೂ ದಿನಾ ಎಂದು ಕೇಳಿ, "ಅಪ್ಪಾಜಿ, ನೀವು ಸೈನ್ಸ್ ಮೇಷ್ಟ್ರು ಅಂತ ಇನ್ಮೇಲೆ ಎಲ್ಲೂ ಹೇಳ್ಬೇಡಿ" ಎಂದಳು. ಮಂಗಳಾ ನಗಲಿಲ್ಲ. ನನ್ನನ್ನು ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ ಹಣೆಯ ಗೆರೆಯನ್ನೂ ಅದರ ಪಕ್ಕದ ಚರ್ಮವನ್ನೂ ಬಹಳ ಹೊತ್ತು ನೋಡಿದಳು. "ಅಂದ್ರೆ ಈ ಕಪ್ಪು ನಿಮ್ ಮೊದ್ಲಿನ್ ಬಣ್ಣನಾ?" ಎಂದು ಕೇಳಿದಳು. ಹೌದೆಂದೆ. "ಇಷ್ಟ್ ಕಪ್ಪಗಿದ್ರಾ ನೀವು? ಇಷ್ಟ್ ವರ್ಷ ಜೊತೇಲಿದ್ದೂ ನಂಗ್ ಕಂಡೇ ಇರ್ಲಿಲ್ಲ" ಎಂದಳು. ಅಷ್ಟು ಹೇಳಿ ತಾನೇ ಆಡಿದ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ತನ್ನ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. ನಾನು ಏನಾದರೂ ಒಳ್ಳೆಯ ಮಾತು ಹೇಳಬೇಕಾದ ಗಳಿಗೆ ಅದು. ನಾನು ಕಾಫಿ ಇದೆಯಾ ಎಂದು ಕೇಳಿದೆ. ಅವಳು ಕಾಫಿಗಿಟ್ಟು, ಅದು ಕುದಿಯುವಷ್ಟರಲ್ಲಿ ತಮ್ಮನಿಗೆ ಫೋನು ಮಾಡಿ ಅರಿಶಿನಕ್ಕೆ ತಾನೇ ಬರುತ್ತೇನೆ ಎಂದಳು. ಆಸಿಡ್ ಹಚ್ಚಿ ಗುಣ ಕಾಣುವಷ್ಟು ದಿನ ಇನ್ನು ಉಳಿದಿರಲಿಲ್ಲ. ಬಂಗು ಇದ್ದ ಹಾಗೆಯೇ ಇತ್ತು.

ಕುಣಿಗಲ್ಲಿನ ಕಲ್ಯಾಣ ಮಂಟಪದಲ್ಲಿ ಅವಳು ಎರಡು ಕ್ಯಾಮೆರಾಗಳ ನಡುವೆ, ಸೆರಗನ್ನು ಮುಖಕ್ಕೆ ತರದೆ ನಿಂತು ತಮ್ಮನ ಮಗಳಿಗೆ ಮೊದಲ ಅರಿಶಿನ ಹಚ್ಚಿದಳು. ಷಡಕ್ಷರಿ ಒಂದು ಕಂಬದ ಹಿಂದೆ ನಿಂತು ಮೂಗು ಒರೆಸಿಕೊಂಡ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆದರೆ ಶಾಸ್ತ್ರ ಮುಗಿದ ಮೇಲೆ ಉಳಿದ ಅರಿಶಿನವನ್ನು ಕಂಡಕಂಡವರ ಮುಖಕ್ಕೆ ಬಳಿಯುವ ಗಲಾಟೆ ಇರುತ್ತದಲ್ಲ, ಅದರಲ್ಲಿ ಭಾವ ಎಂಬ ಸಲಿಗೆಯಿಂದ ಹೆಣ್ಣುಮಕ್ಕಳು ನನ್ನನ್ನು ಹಿಡಿದು ತಲೆಯಿಂದ ಗದ್ದದವರೆಗೆ ಬಳಿದರು. ನಲ್ಲಿಯಲ್ಲಿ ತೊಳೆದುಕೊಂಡು ಬಂದೆ. ಅರಿಶಿನದ ಜೊತೆ ವಿಭೂತಿಯೂ ಹೋಗಿತ್ತು. ಸಿಕ್ಕಿದವರೆಲ್ಲ ಹಣೆಗೆ ಏನಾಯಿತು ಎಂದು ಕೇಳತೊಡಗಿದರು. ಒಬ್ಬರು ಬಿದ್ದಿರಾ ಎಂದರು, ಇನ್ನೊಬ್ಬರು ಹಚ್ಚೆ ಹಾಕಿಸಿದಿರಾ ಎಂದರು, ಒಬ್ಬ ಹಿರಿಯರು ಇದು ಜನ್ಮಾಂತರದ ಶಿವಭಕ್ತಿಯ ಗುರುತು ಎಂದು ಕೈ ಮುಗಿದರು. ನಾನು ಹಾಗೇ ಜಾರಿಕೊಂಡು ಉಗ್ರಾಣಕ್ಕೆ ಹೋಗಿ, ಅಲ್ಲಿದ್ದವರನ್ನು ಊಟಕ್ಕೆ ಕಳಿಸಿ, ತೆಂಗಿನಕಾಯಿ ರಾಶಿಯ ಪಕ್ಕ ಕುಳಿತೆ. ಕತ್ತಲೆ, ತಂಪು, ಯಾರೂ ಮುಖ ನೋಡುವುದಿಲ್ಲ. ಇದು ಇಷ್ಟು ಸುಖದ ಜಾಗವೆಂದು ನನಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮಂಗಳಾ ಹುಡುಕಿಕೊಂಡು ಬಂದಳು. ಕೆನ್ನೆ ತುಂಬ ಅರಿಶಿನ. ಮನೆಯವರೆಲ್ಲರ ಫೋಟೋ ತೆಗೆಯುತ್ತಿದ್ದಾರೆ, ಬನ್ನಿ ಎಂದಳು. "ನೀನ್ ಹೋಗು. ಇಲ್ಲಿ ನೋಡ್ಕಳೋರು ಯಾರೂ ಇಲ್ಲ" ಎಂದೆ. ಅವಳು ಒಳಗೆ ಬಂದು ನನ್ನ ತೋಳು ಹಿಡಿದಳು.

"ಆ ಮಾತ್ ನನ್ ಹತ್ರ ಬ್ಯಾಡ" ಎಂದಳು. "ಇಷ್ಟ್ ವರ್ಷ ಅದನ್ನ ಹೇಳ್ಕಂಡ್ ಬಂದೋಳು ನಾನು. ಏಳಿ."

ಎದ್ದೆ. ಆ ಫೋಟೋ ಈಗ ನಮ್ಮ ಹಾಲಿನ ಗೋಡೆಯ ಮೇಲಿದೆ. ಅದರಲ್ಲಿ ಅವಳ ಮುಖ ಬಂಗಿನ ಸಮೇತ ಪೂರ್ತಿ ಕಾಣುತ್ತದೆ, ನಗುತ್ತಿದ್ದಾಳೆ. ಪಕ್ಕದಲ್ಲಿ ಬೆವರು ಒರೆಸಿಕೊಳ್ಳುವ ನೆಪದಲ್ಲಿ ಹಣೆಗೆ ಕರ್ಚೀಫು ಒತ್ತಿ ಅರ್ಧ ಮುಖ ಮುಚ್ಚಿಕೊಂಡಿರುವ ಗಂಡಸು ಯಾರು ಎಂದು ಮನೆಗೆ ಬಂದವರು ಕೇಳುತ್ತಾರೆ.