ಕೆರೆಗೆ ಮೊದಲನೇ ನಂಬರು

ಆವತ್ತು ಗಿರಿಜಾಂಬ ಬಾಯಿ ಹಾಕದೆ ಸುಮ್ಮನಿದ್ದಿದ್ದರೆ ಸಮದ್‌ಗೆ ಈ ಗತಿ ಬರುತ್ತಿರಲಿಲ್ಲ. ಆದರೆ ಗಿರಿಜಾಂಬ ಸುಮ್ಮನಿದ್ದ ದಿನ ಯಾವುದಿದೆ ಹೇಳಿ!

ಚನ್ನಪಟ್ಟಣದ ಅಂಚಿನ ಕೆರೆ ದಡದಲ್ಲಿ ಸಮದ್‌ನ ರೇಷ್ಮೆ ರೀಲಿಂಗ್ ಶೆಡ್ಡು. ಗೂಡು ಬೇಯಿಸಿ ನೂಲು ತೆಗೆಯಲು ಸಿಹಿನೀರೇ ಆಗಬೇಕು. ಬೋರ್‌ವೆಲ್ ನೀರಿಗೆ ನೂಲು ಹೊಳಪುಗೆಟ್ಟು ತುಂಡಾಗುತ್ತದೆ. ಕೆರೆ ಬತ್ತಿದರೆ ಅವನ ಬಾವಿ ಬತ್ತಿತು, ಶೆಡ್ಡು ಮುಚ್ಚಿತು. ಕೆರೆಯೋ ಹೂಳು ತುಂಬಿ ತಟ್ಟೆಯಂತಾಗಿತ್ತು. ತಾಲ್ಲೂಕಿನ ಯಾವ ಕೆರೆಯನ್ನು ಮೊದಲು ಉಳಿಸಬೇಕೆಂದು ನಂಬರು ಹಾಕಲು ಮೇಘನಾ ಎಂಬ ಅಧಿಕಾರಿ ಅಂದು ಮಧ್ಯಾಹ್ನ ಬರುವವರಿದ್ದರು. ಸಮದ್ ಬೆಳಗ್ಗೆಯೇ ಪೊರಕೆ ಹಿಡಿದು ದಡ ಗುಡಿಸುತ್ತಿದ್ದ.

"ಅಯ್ಯೋ ಸಮದಣ್ಣ, ಕೆಲ್ಸ ಕೆಡಿಸ್ತಾ ಇದ್ದೀಯಲ್ಲಪ್ಪ!" ಪಕ್ಕದ ಮನೆಯ ಗಿರಿಜಾಂಬ ಹಣೆ ಚಚ್ಚಿಕೊಂಡರು. "ನಾವು ಮನೆಗೆ ಸುಣ್ಣ ಬಳ್ಕಂಡು ಕೂತಿದ್ದಕ್ಕೆ ಸರ್ಕಾರಿ ಮನೆ ಪಟ್ಟೀಲಿ ಹೆಸ್ರೇ ಬರ್ನಿಲ್ಲ. ಹೆಂಚು ಕಿತ್ತಾಕಿದ್ದೋರಿಗೆ ಮೊದ್ಲು ಸಿಕ್ತು. ಆಫೀಸ್ನೋರು ಬತ್ತಾರೆ ಅಂದ್ರೆ ಬಡವ್ರಾಗಿ ಕಾಣ್ಬೇಕು ಕಣಪ್ಪ."

"ಅಕ್ಕ ಹೇಳೋದು ಸರಿ ಐತೆ ಕಣ್ಲಾ," ಎಂದ ಪಕ್ಕದ ಶೆಡ್ಡಿನ ಇದ್ರೀಸ್. "ಕೆರೆನ ಒಸಿ ಕೆಡ್ಸು."

ಸಮದ್ ಪೊರಕೆ ಕೆಳಗಿಟ್ಟು ಕೆರೆಯ ಕಡೆ ನೋಡಿದ. ಅವನ ಅಬ್ಬಾ ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡುತ್ತಿದ್ದ ನೀರು ಅದು. ಆದರೂ ಬೆಂದು ಸತ್ತ ರೇಷ್ಮೆಹುಳದ ಎರಡು ಗೋಣಿಚೀಲ ಹೊತ್ತು ತಂದು, ಕಣ್ಣು ಮುಚ್ಚಿ ನೀರಿಗೆ ಸುರಿದ. ಇದ್ರೀಸ್ ಪಟಾಕಿ ಹೊಡೆದು ಕೊಕ್ಕರೆಗಳನ್ನು ಓಡಿಸಿದ. ಗಿರಿಜಾಂಬ ಬೀದಿಯ ಕಸವನ್ನೆಲ್ಲ ಧಾರಾಳವಾಗಿ ಸೇರಿಸಿದರು. ಮಧ್ಯಾಹ್ನದ ಹೊತ್ತಿಗೆ ನಾತಕ್ಕೆ ಬೀದಿನಾಯಿ ಕೂಡ ಅರ್ಧ ದಾರಿಯಿಂದ ವಾಪಸ್ಸು ಹೋಯಿತು.

ಮೇಘನಾ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಜೀಪಿನಿಂದ ಇಳಿದರು. "ಹಕ್ಕಿ ಬರುತ್ತಾ?"

"ಒಂದೂ ಇಲ್ಲ ಮೇಡಂ!" ಇದ್ರೀಸ್ ಹೆಮ್ಮೆಯಿಂದ ಹೇಳಿದ.

"ಮೀನು?"

"ಎಲ್ಲಾ ಸತ್ತೋದ್ವು ಕಣವ್ವ," ಎಂದು ಗಿರಿಜಾಂಬ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮೇಘನಾ ಬರೆದುಕೊಂಡರು. "ಈ ವರ್ಷ ದುಡ್ಡಿರೋದು ಮೂರೇ ಕೆರೆಗೆ. ಜೀವ ಇರೋ ಕೆರೆಗೆ ಮೊದಲು. ಇದು ಆಗಲೇ ಸತ್ತಿದೆ, ಯಾಕೆ ಅಂತಾನೂ ಗೊತ್ತಿಲ್ಲ. ಕೊನೇ ನಂಬರು."

ಸಮದ್ ಓಡಿಬಂದು ಹೊರಟ ಜೀಪಿಗೆ ಅಡ್ಡ ನಿಂತ. "ಸತ್ತಿಲ್ಲ ಮೇಡಂ! ಅಲ್ಲಾನ ಆಣೆಗೂ ಜೀವ ಐತೆ! ಆ ಹುಳ ನಮ್ ಶೆಡ್ಡಿಂದು. ಬೆಳಗ್ಗೆ ನಾನೇ ಸುರಿದ್ಬುಟ್ಟೆ. ಇವ್ರನ್ನೇ ಕೇಳಿ!"

ತಿರುಗಿ ನೋಡಿದರೆ ಅಲ್ಲಿ ಇದ್ರೀಸೂ ಇಲ್ಲ, ಗಿರಿಜಾಂಬನೂ ಇಲ್ಲ.

ಮೇಘನಾ ಜೀಪಿನಿಂದ ಇಳಿದು ಬಂದರು. "ಹೌದಾ? ಕೆಟ್ಟಿದ್ದು ಯಾಕೆ ಅಂತ ಗೊತ್ತಾದರೆ, ಅದನ್ನ ನಿಲ್ಲಿಸಿದರೆ, ಕೆರೆ ಉಳಿಯುತ್ತೆ." ಬರೆದದ್ದನ್ನು ಹೊಡೆದುಹಾಕಿದರು. "ಮೊದಲನೇ ನಂಬರು."

ಸಮದ್ ಎರಡೂ ಕೈಯೆತ್ತಿ ದೇವರಿಗೆ ಶುಕ್ರಿಯಾ ಹೇಳಿದ. ಕಣ್ಣಲ್ಲಿ ನೀರೇ ಬಂತು. ಕೈ ಇಳಿಸಿ ನೋಡುವಷ್ಟರಲ್ಲಿ ಜೀಪಿನ ಡ್ರೈವರ್ ಶೆಡ್ಡಿನ ಬಾಗಿಲಿಗೆ ಬೀಗ ಹಾಕಿ, ಮೇಲೊಂದು ನೋಟೀಸು ಅಂಟಿಸುತ್ತಿದ್ದ.

"ಇದೇನ್ ಮೇಡಂ?"

"ಮೊದಲನೇ ನಂಬರಿನ ಮೊದಲನೇ ಕೆಲಸ," ಎಂದರು ಮೇಘನಾ.

ಸಂಜೆ ಕೊಕ್ಕರೆಗಳು ವಾಪಸ್ಸು ಬಂದವು. ಸಮದ್ ಬೀಗದ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಗಿರಿಜಾಂಬ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತರು.

"ಹೋಗ್ಲಿ ಬುಡು ಸಮದಣ್ಣ. ಇನ್ಮೇಲೆ ನಿನ್ ಬಾವೀಲಿ ನೀರಿಗೇನೂ ಬರ ಇಲ್ಲ."