ಜಲಜಾಕ್ಷಿಯ ಬಿಳಿ ಮಚ್ಚೆ

ಜಾಲಹಳ್ಳಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಕೃಷ್ಣಸ್ವಾಮಿಯವರ ಕಣ್ಣೆಂದರೆ ಎಲ್ಲರಿಗೂ ಹೆದರಿಕೆ. ಕೂದಲೆಳೆಯಷ್ಟು ಗೀರು ಕಂಡರೂ ಸಾಕು, ಬಿಡಿಭಾಗವನ್ನು ಮುಲಾಜಿಲ್ಲದೆ ಪಕ್ಕಕ್ಕೆಸೆಯುವ ಧರ್ಮರಾಯರು ಅವರು. ಅಂಥವರು ಒಂದು ಕಪ್ಪೆಯ ವಿಷಯದಲ್ಲಿ ಮೋಸ ಮಾಡಿದರೆಂದರೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ.

ಆ ವರ್ಷ ಮಳೆ ಕೈಕೊಟ್ಟಿತ್ತು. ಪಕ್ಕದ ಹಳ್ಳಿಯವರು ಕಪ್ಪೆ ಮದುವೆ ಮಾಡುವುದೆಂದು ತೀರ್ಮಾನಿಸಿ, ಗಂಡಿನ ಕಡೆಗೆ ತಮ್ಮೂರಿನ ಹಿರಿಯ ಹನುಮಂತರಾಯಪ್ಪನವರನ್ನು ನಿಲ್ಲಿಸಿದರು. ಹೆಣ್ಣಿನ ಕಡೆಯವರು ಕ್ವಾರ್ಟರ್ಸಿನಿಂದ ಬರಲಿ ಎಂದಾಗ ಕೃಷ್ಣಸ್ವಾಮಿಯವರ ಹೆಂಡತಿ ಸೀತಾಲಕ್ಷ್ಮಿ ಎಲ್ಲರಿಗಿಂತ ಮೊದಲು ಹೂಂ ಅಂದರು. ಮದುವೆಯಾಗಿ ಇಪ್ಪತ್ತು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಊರವರ ಮಕ್ಕಳ ಮದುವೆಗಳಲ್ಲಿ ಆರತಿ ತಟ್ಟೆ ಹಿಡಿದು ಹಿಂದೆ ನಿಂತು ಸಾಕಾಗಿತ್ತು. ಒಮ್ಮೆಯಾದರೂ ಹೆಣ್ಣಿನ ತಾಯಿಯಾಗಿ ಧಾರೆ ಎರೆಯಬೇಕೆಂಬುದು ಅವರ ಆಸೆ.

ಬಚ್ಚಲ ಹಿಂದೆ ಸಿಕ್ಕ ಕಪ್ಪೆಗೆ ಜಲಜಾಕ್ಷಿ ಎಂದು ನಾಮಕರಣವಾಯಿತು. (ಅದು ಹೆಣ್ಣೇ ಹೌದೋ ಎಂದು ಯಾರೂ ವಿಚಾರಿಸಲಿಲ್ಲ.) ಬಟ್ಟೆ ನೆನೆಸುವ ಬೇಸಿನ್ನೇ ಅವಳ ಅಂತಃಪುರ. ನೀರಿಗೆ ತತ್ವಾರವಾದ್ದರಿಂದ ಹಾಕಿದ ನೀರು ಹಾಗೇ ನಿಂತಿತು. ಕೆಲವೇ ದಿನಗಳಲ್ಲಿ ಮಗಳ ಬೆನ್ನ ಮೇಲೆ ಹತ್ತಿ ಅಂಟಿಸಿದಂಥ ಬಿಳಿ ಮಚ್ಚೆ ಎದ್ದಿತು.

ದನದ ಆಸ್ಪತ್ರೆಯ ಡಾಕ್ಟರು ನಗದೆ ನೋಡಿದ್ದೇ ದೊಡ್ಡದು. ಇದು ಬೂಷ್ಟು, ಕೊಳೆನೀರಲ್ಲಿ ಹತ್ತುತ್ತೆ, ಒಂದರಿಂದ ಇನ್ನೊಂದಕ್ಕೂ ಅಂಟುತ್ತೆ ಅಂದರು. ದಿನಾ ನೀರು ಬದಲಿಸಿ, ತೆಳುವಾದ ಉಪ್ಪುನೀರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೀರಿ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತೆ, ಮೈಗೆ ಏನೂ ಬಳಿಯಬೇಡಿ. ವಾಸಿಯಾಗೋವರೆಗೆ ಬೇರೆ ಕಪ್ಪೆ ಹತ್ತಿರ ಬಿಡಲೇಬೇಡಿ ಎಂದರು. ದಂಪತಿಗಳು ಕುಡಿಯುವ ನೀರಲ್ಲೇ ಉಳಿಸಿ ಉಪಚಾರ ಮಾಡಿದರು. ಮಚ್ಚೆ ಸ್ವಲ್ಪ ಕುಗ್ಗಿತು ಅನ್ನುವಷ್ಟರಲ್ಲಿ, ಭಾನುವಾರ ಹೆಣ್ಣು ನೋಡಲು ಬರುತ್ತೇವೆಂದು ಹನುಮಂತರಾಯಪ್ಪನವರು ಹೇಳಿಕಳಿಸಿದರು.

ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಎಂದರು ಸೀತಾಲಕ್ಷ್ಮಿ. ಕೃಷ್ಣಸ್ವಾಮಿಯವರಿಗೆ ಚಿಕ್ಕಮ್ಮನ ಮಗಳ ನೆನಪಾಯಿತು. ಮೊಣಕೈ ಮೇಲಿನ ಒಂದು ಬಿಳಿ ಮಚ್ಚೆಗೆ ಆಕೆಯ ನಿಶ್ಚಿತಾರ್ಥವೇ ಮುರಿದುಬಿದ್ದಿತ್ತು.

"ಮಚ್ಚೆ ಅಂದ್ರೆ ಮುಗೀತು ಕಣೇ, ಬೇರೆ ಹೆಣ್ಣು ನೋಡ್ತಾರೆ. ನಿನ್ನ ಧಾರೆ ನಡೀಬೇಕೋ ಬೇಡವೋ?"

ಧರ್ಮರಾಯರು ತಾವೇ ಅರಿಸಿನ ಕಲಸಿ, ಮಗಳ ಬೆನ್ನಿಗೆ ಎರಡು ಕೋಟು ಬಳಿದರು.

ಬೀಗರು ಮೆಚ್ಚಿಕೊಂಡರು. ಬಂಗಾರದಂಥ ಮೈಬಣ್ಣ ಎಂದರು. ಹುಡುಗ ಹುಡುಗಿ ಒಂದು ಮಾತಾಡಿಕೊಳ್ಳಲಿ ಎಂದು ತಾವು ತಂದಿದ್ದ ವರನ ಬಕೆಟ್ಟಿಗೇ ಜಲಜಾಕ್ಷಿಯನ್ನೂ ಬಿಟ್ಟರು. ಸೀತಾಲಕ್ಷ್ಮಿ ಗಂಡನ ಸೊಂಟಕ್ಕೆ ತಿವಿದರು. ಅವರು ಕೆಮ್ಮಿ, ಬೀಗರಿಗೆ ಇನ್ನೊಂದಿಷ್ಟು ಉಪ್ಪಿಟ್ಟು ಬಡಿಸು ಎಂದರು.

ಮದುವೆಗೆ ಎರಡು ದಿನವಿರುವಾಗ ಹನುಮಂತರಾಯಪ್ಪನವರು ಒಬ್ಬರೇ ಬಂದರು. ಕೈಲಿದ್ದ ಬಕೆಟ್ಟಿನಲ್ಲಿ ವರ ಮಂಕಾಗಿ ಕೂತಿದ್ದ, ಮೈತುಂಬ ಬಿಳಿ ಬೂಷ್ಟು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕೃಷ್ಣಸ್ವಾಮಿಯವರಿಗೆ ಹೆಚ್ಚು ಚುಚ್ಚಿತು.

"ಅವತ್ತೇ ನೀರಲ್ಲಿ ಅರಿಸಿನ ಬಿಟ್ಕೊಂತು ಸಾಮಿ, ಮಚ್ಚೆ ಕಾಣ್ತು. ನೀವೇ ಏಳ್ತೀರಾ ಅಂತ ಸುಮ್ಕಿದ್ವಿ. ಅಂಟುರೋಗ ಅಂತ ನಮಗೇನು ಗೊತ್ತು? ಏಳಿದ್ರೆ ಬ್ಯಾರೆ ಇಟ್ಕೊಂತಿದ್ವಿ. ವಾಸಿ ಆಗೋಗಂಟ ಮದ್ವೆ ಮುಂದಕ್ಕಾಕ್ತಿದ್ವಿ. ಕಪ್ಪೆಗೆ ಮಚ್ಚೆ ಐತೆ ಅಂತ ಯಾರಾದ್ರೂ ಸಂಬಂಧ ಬಿಡ್ತಾರಾ?"

ಊರವರು ಬೇರೆ ಜೋಡಿ ಹಿಡಿದಿದ್ದಾರೆ, ಹೆಣ್ಣಿನ ಕಡೆಗೆ ನಮ್ಮೂರ ಪಿಳ್ಳಮ್ಮ ನಿಲ್ಲುತ್ತಾಳೆ ಎಂದು ಹೇಳಿ, ಔಷಧ ಗೊತ್ತಿರುವವರು ನೀವೇ ಎಂದು ವರನನ್ನು ಅಲ್ಲೇ ಬಿಟ್ಟು ಹೋದರು. ಮದುವೆ ಇಲ್ಲದೆಯೇ ಕೃಷ್ಣಸ್ವಾಮಿಯವರಿಗೆ ಮನೆ ಅಳಿಯ ಸಿಕ್ಕಿದ.

ಮದುವೆಯ ದಿನ ಹಳ್ಳಿಯಿಂದ ವಾಲಗದ ಸದ್ದು ಬರುತ್ತಿತ್ತು. ಸೀತಾಲಕ್ಷ್ಮಿ ಧಾರೆಗೆಂದು ತೆಗೆದಿಟ್ಟಿದ್ದ ರೇಷ್ಮೆ ಸೀರೆಯನ್ನು ಬೀರುವಿಗೆ ಸೇರಿಸುತ್ತಿದ್ದರು. ಅಳಿಯನನ್ನು ಉಪ್ಪುನೀರಿಗೆ ಅದ್ದುತ್ತಿದ್ದ ಕೃಷ್ಣಸ್ವಾಮಿಯವರು ತಪ್ಪಾಯಿತು ಕಣೇ ಎನ್ನಬೇಕೆಂದು ತಲೆಯೆತ್ತಿದರು. ಅಷ್ಟರಲ್ಲಿ ಆ ಮಹಾನುಭಾವ ಕೈಜಾರಿ ಅವರ ಪಂಚೆಯೊಳಕ್ಕೆ ನೆಗೆದ. ಅವರು ಬಚ್ಚಲ ತುಂಬ ಕುಣಿದರು. ಬೇರೆ ದಿನವಾಗಿದ್ದರೆ ಸೀತಾಲಕ್ಷ್ಮಿ ಹೊಟ್ಟೆ ಹಿಡಿದು ನಗುತ್ತಿದ್ದರು. ಅಂದು ಬಂದು, ಕಪ್ಪೆಯನ್ನು ಮೆಲ್ಲಗೆ ಹಿಡಿದು ಬೇಸಿನ್ನಿಗೆ ಬಿಟ್ಟು, ಗಂಡನ ಮುಖ ನೋಡದೆ ಹೇಳಿದರು:

"ಇಪ್ಪತ್ತು ವರ್ಷ ಕಾದಿದ್ದೆ ಕಣ್ರೀ. ಇದು ವಾಸಿಯಾಗೋವರೆಗೆ ಕಾಯೋದು ನನಗೇನು ಕಷ್ಟ ಆಗ್ತಿತ್ತು?"