ಕಳಕಪ್ಪ ಗಂಜಿ ಹಾಕಿದ ಪುಸ್ತಕ

ಬೆಟಗೇರಿಯ ನೇಕಾರ ಕಳಕಪ್ಪ ಪುಸ್ತಕ ಕಟ್ಟುವುದನ್ನು ಕಲಿಯಲು ಹೊರಟಾಗ ಅವನಿಗಿದ್ದ ಸಂಶಯ ಒಂದೇ. ಅದರಲ್ಲಿ ಕಲಿಯುವುದಕ್ಕೆ ಏನಿದೆ?

"ಹೊಲಿಗಿ ಅಂದ್ರ ದಾರ. ದಾರ ಅಂದ್ರ ನಾನು! ಅಂಟು ಅಂದ್ರ ಗಂಜಿ. ಗಂಜಿ ಅಂದ್ರ ನಮ್ಮಪ್ಪ, ನಮ್ಮ ಮುತ್ಯಾ! ಆ ರಹಮಾನಸಾಬ ನನಗೇನ ಕಲಸ್ತಾನ? ನೋಡ್ತಿರು, ಎಂಟ ದಿನದಾಗ ನಾನ ಅವಗ ಕಲಸ್ತೀನಿ!"

ಹೆಂಡತಿ ಹನಮಂತವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ಕಲಸ್ರಿ. ಆದ್ರ ನನ್ನ ದೊಡ್ಡ ಬೋಗಾಣಿ ಮುಟ್ಟಬ್ಯಾಡ್ರಿ. ದೀಪಾವಳಿಗೆ ಹೂರಣದ ಬ್ಯಾಳಿ ಅದರಾಗ ಕುದೀಬೇಕು."

"ಓದಾಕ ಬರದಾಕಿ ನೀ, ಪುಸ್ತಕದ ಮಾತಿನಾಗ ಬಾಯಿ ಹಾಕಬ್ಯಾಡ!"

"ನಾ ಅಂದದ್ದು ಬೋಗಾಣಿ ಮಾತು."

ಅದು ಐವತ್ತಾರನೆಯ ಇಸವಿ. ನವೆಂಬರ್ ಒಂದಕ್ಕೆ ಕನ್ನಡ ನಾಡು ಒಂದಾಗಲಿತ್ತು. ಅಷ್ಟರೊಳಗೆ ಹರಿದ ಪುಸ್ತಕಗಳಿಗೆಲ್ಲ ಹೊಸ ಬೆನ್ನು ಬರಬೇಕೆಂದು ಓಣಿಯ ವಾಚನಾಲಯದವರು ತೀರ್ಮಾನಿಸಿ, ದಿನಾ ಸಂಜೆ ಪುಕ್ಕಟೆ ವರ್ಗ ತೆರೆದಿದ್ದರು. ಕಲಿಸುವವನು ರಹಮಾನಸಾಬ. ಮೂವತ್ತು ವರ್ಷ ಪುಸ್ತಕ ಕಟ್ಟಿ ಬೆರಳ ತುದಿ ಸವೆಸಿಕೊಂಡವನು. ಕಲಿಯಲು ಬಂದ ಹತ್ತು ಮಂದಿಗೆ ಒಂದೊಂದು ಪುಸ್ತಕ ಸಿಕ್ಕಿತು. ಕಳಕಪ್ಪನಿಗೆ ಸಿಕ್ಕಿದ್ದು ತೆಳ್ಳನೆಯ ಪಂಚಾಂಗ!

"ಇದು ನನ್ನ ಕೈಗೆ ಸಾಲಂಗಿಲ್ಲ. ಆ ದೊಡ್ಡದು ಕೊಡ್ರಿ!"

ಆ ದೊಡ್ಡದು ಯಂಕಪ್ಪ ಮಾಸ್ತರರ ಹಾಡಿನ ಪುಸ್ತಕ. ಹೊಂಬಳ, ಹರ್ತಿ, ಕುರ್ತಕೋಟಿ ಎಂದು ಮೂರು ವರ್ಷ ತಿರುಗಿ, ಹೆಣ್ಣುಮಕ್ಕಳ ಬಾಯಿಂದ ಕೇಳಿ ಕೇಳಿ ಶಾಯಿಯಲ್ಲಿ ಬರೆದದ್ದು. ಅರ್ಧದಷ್ಟು ಹಾಡು ಹೇಳಿದವಳು ಹನಮಂತವ್ವನೇ. ಇನ್ನೊಂದು ಪ್ರತಿ ಭೂಮಿಯ ಮೇಲಿರಲಿಲ್ಲ. ಒಂದನೆಯ ತಾರೀಖಿನ ಸಮಾರಂಭದಲ್ಲಿ ವಾಚನಾಲಯದ ಅಧ್ಯಕ್ಷ ಅಂದಾನಪ್ಪನವರು ಅದನ್ನೇ ತೆರೆದು, ಎಲ್ಲರೆದುರು ಮೊದಲ ಹಾಡು ಓದುವವರಿದ್ದರು. ಮಾಸ್ತರರು ಹಿಂದೆಮುಂದೆ ನೋಡಿಯೇ ಕೊಟ್ಟರು.

ಹೊಲಿಗೆಯನ್ನು ಮಾತ್ರ ಕಳಕಪ್ಪ ಬಲು ಚಂದ ಹಾಕಿದ. ರಹಮಾನಸಾಬ ಕೂಡ "ವಾಹ್!" ಎಂದ. ಆ ಒಂದು ವಾಹ್ ಕಳಕಪ್ಪನ ತಲೆ ತಿರುಗಿಸಿಬಿಟ್ಟಿತು.

"ಇನ್ನ ಬೆನ್ನಿಗೆ ತೆಳ್ಳಗ ಅಂಟು ಹಚ್ಚರಿ, ಕಳಕಪ್ಪಣ್ಣ. ಬೆನ್ನಿಗಷ್ಟ, ನೋಡ್ರಿ!"

ಬೆನ್ನಿಗಷ್ಟೇ? ಪುಸ್ತಕ ಹಿಡಿದು ಮನೆಗೆ ಬಂದ ಕಳಕಪ್ಪನಿಗೆ ಇದು ಶುದ್ಧ ಅನ್ಯಾಯವಾಗಿ ಕಂಡಿತು. ಮಗ್ಗಕ್ಕೇರುವ ನೂಲನ್ನು ಯಾವ ನೇಕಾರ ತುದಿಗಷ್ಟೇ ಗಂಜಿ ಹಚ್ಚಿ ಬಿಡುತ್ತಾನೆ? ಇಡೀ ನೂಲನ್ನು ಗಂಜಿಯಲ್ಲಿ ಅದ್ದಿದರೇ ಅದಕ್ಕೆ ತಾಕತ್ತು! ಬೆನ್ನೊಂದೇ ಗಟ್ಟಿಯಾದರೆ ಸಾಕೆ? ಹಾಳೆಗಳೇನು ಪಾಪ ಮಾಡಿವೆ?

ಹನಮಂತವ್ವ ಎರಡು ದಿನ ತವರಿಗೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದಳು. ಕಳಕಪ್ಪ ಅವಳ ದೊಡ್ಡ ಬೋಗಾಣಿಯನ್ನೇ ಒಲೆಗೇರಿಸಿ, ಮನೆತನದ ಮರ್ಯಾದೆಗೆ ತಕ್ಕ ಗಂಜಿ ಕಾಯಿಸಿ ಆರಿಸಿದ. ಪುಸ್ತಕ ಎತ್ತಿದ. ಮುಳುಗಿಸಿದ! ಒಂದು ಹಾಳೆಯೂ ಒಣಗಿ ಉಳಿಯದಂತೆ ನೋಡಿಕೊಂಡ. ಆಮೇಲೆ ಮಾಳಿಗೆಯ ಬಿಸಿಲಿಗಿಟ್ಟು ಮೇಲೊಂದು ಕಲ್ಲು ಹೇರಿದ.

ಹನಮಂತವ್ವ ಬಂದವಳೇ ಮಾಳಿಗೆ ಹತ್ತಿ ನೋಡಿದಳು.

"ಇದೇನ್ರಿ, ನೀಲಿ ನೀರು ಸೋರಾಕತ್ತೇತಿ?"

"ಹೊಸಾದು ಬಣ್ಣ ಬಿಡೂದ!"

"ನೀವು ನೇಯ್ದ ಸೀರಿ ಬಣ್ಣ ಬಿಟ್ರ ಗಿರಾಕಿಗೂ ಹಿಂಗ ಹೇಳ್ತೀರೇನು?"

"ಹೇಳ್ತೀನಿ! ನನಗ್ಯಾರ ಅಂಜಿಕಿ?"

ಮೂರನೆಯ ದಿನ ಪುಸ್ತಕ ಒಣಗಿತು. ತಟ್ಟಿದರೆ ಟಕ್ ಟಕ್ ಎಂದಿತು! ಕಳಕಪ್ಪ ಉಗುರು ಹಾಕಿದ. ಚಾಕು ಹಾಕಿದ. ಕೊನೆಗೆ ದೇವರಿಗೆ ಕೈ ಮುಗಿದ. ಒಂದು ಹಾಳೆಯೂ ಜಗ್ಗಲಿಲ್ಲ. ಆದರೂ ತಪ್ಪಾಯಿತು ಅನ್ನುವ ಮಾತು ಅವನ ಮನೆತನದಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ. ರಟ್ಟು ಕೂಡಿಸಿ, ಮೇಲೆ ಸೀರೆಯ ಕೆಂಪು ಅಂಚು ಸುತ್ತಿ, ಸಮಾರಂಭದ ಮೇಜಿನ ಮೇಲೆ ತಾನೇ ಒಯ್ದು ಇಟ್ಟ. ನೋಡಿದವರೆಲ್ಲ ಹೊಗಳಿದರು.

ಅಂದಾನಪ್ಪನವರು ಕನ್ನಡಕ ಏರಿಸಿ ಪುಸ್ತಕ ತೆರೆಯಹೋದರು. ಅದು ತೆರೆಯಲಿಲ್ಲ. ಹೆಬ್ಬೆರಳು ಒತ್ತಿದರು. ಎದ್ದು ನಿಂತು ಎಳೆದರು. ಮೊಣಕಾಲಿಗೆ ಆನಿಸಿಕೊಂಡು ಎಳೆದರು! ಕೊನೆಗೆ ರಹಮಾನಸಾಬ ಇಸಿದುಕೊಂಡು ತಟ್ಟಿ ನೋಡಿದ, ಮೂಸಿ ನೋಡಿದ.

"ಕಳಕಪ್ಪಣ್ಣ, ಅಂಟು ಎಲ್ಲೆಲ್ಲಿ ಹಚ್ಚೀರಿ?"

"ಎಲ್ಲಾ ಕಡಿ! ನನ್ನ ಕೆಲಸದಾಗ ಅರ್ಧಮರ್ಧ ಇಲ್ಲ!"

"ಮತ್ತ ಬಿಚ್ಚೂದು ಹೆಂಗ?"

ಕಳಕಪ್ಪ ಎದ್ದು ನಿಂತು ಎದೆ ಸೆಟೆಸಿದ. "ಯಾಕ ಬಿಚ್ಚಬೇಕು? ಇಷ್ಟ ವರ್ಷ ನಮ್ಮ ನಾಡನ್ನ ಅರ್ಧ ಮುಂಬಯಿಗೆ, ಅರ್ಧ ಹೈದರಾಬಾದಿಗೆ ಬಿಚ್ಚಿ ಇಟ್ಟದ್ದು ಸಾಲದೇನು? ಒಂದಾಗೂದು ಅಂದ್ರ ಹಿಂಗ ಇರಬೇಕು! ಯಾರ ಅಪ್ಪ ಬಂದ್ರೂ ಒಂದ ಹಾಳಿ ಬ್ಯಾರೆ ಮಾಡಾಕ ಆಗಬಾರದು!"

ಸಭೆ ಚಪ್ಪಾಳೆಯಿಂದ ಗುಡುಗಿತು! ಕಳಕಪ್ಪ ಮೀಸೆ ತಿರುವಿದ. ತಿರುವುತ್ತಲೇ ಯಂಕಪ್ಪ ಮಾಸ್ತರರು ಕಣ್ಣಿಗೆ ಬಿದ್ದರು. ಅವರು ಚಪ್ಪಾಳೆ ತಟ್ಟಿರಲಿಲ್ಲ. ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

"ಮೂರು ವರ್ಷದ್ದು, ಕಳಕಪ್ಪ..." ಎಂದರು, ಅಷ್ಟೇ.

ಕಳಕಪ್ಪನ ಕೈ ಮೀಸೆಯಿಂದ ಜಾರಿತು. ಹುಟ್ಟಿದಂದಿನಿಂದ ಮೊದಲ ಸಲ ಅವನು ತಲೆ ತಗ್ಗಿಸಿ ಕೂತ.

ಆಗ ಹೆಂಗಸರ ಸಾಲಿನಿಂದ ಹನಮಂತವ್ವ ಎದ್ದಳು.

"ಮಾಸ್ತರ್ರ, ಪುಸ್ತಕ ಒಣಗೇತಿ. ನಾವೇನ ಒಣಗಿಲ್ಲ. ಬರಕೋರಿ."

ಸೆರಗು ಬಿಗಿದು ಮೊದಲ ಹಾಡು ಎತ್ತಿಕೊಂಡಳು. ಸಮಾರಂಭಕ್ಕೆ ಬಂದಿದ್ದ ಹೊಂಬಳದವರು ದನಿಗೂಡಿಸಿದರು, ಹರ್ತಿಯವರು ಸೇರಿಕೊಂಡರು. ಮಾಸ್ತರರು ಕಣ್ಣೊರೆಸಿಕೊಂಡು ಆಮಂತ್ರಣ ಪತ್ರಿಕೆಗಳ ಬೆನ್ನಿಗೆ ಬರೆಯತೊಡಗಿದರು. ಪತ್ರಿಕೆಗಳು ಮುಗಿದವು, ಹಾಡು ಮುಗಿಯಲಿಲ್ಲ!

"ಇದನ್ನ ಕಟ್ಟಾವರು ಯಾರು?" ಎಂದ ರಹಮಾನಸಾಬ.

"ನಾನ!" ಎಂದು ಕಳಕಪ್ಪ ಮತ್ತೆ ಎದ್ದೇಬಿಟ್ಟ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ನೀವು ಕುಂಡ್ರಿ, ಕಳಕಪ್ಪಣ್ಣ. ಈ ಸಲ ಹನಮಂತವ್ವಾರು ವರ್ಗಕ್ಕ ಬರ್ಲಿ."

"ಆಕಿಗೆ ಓದಾಕ..." ಎಂದು ಶುರು ಮಾಡಿದವನು, ಇಡೀ ಸಭೆ ತನ್ನತ್ತ ತಿರುಗಿದ್ದು ಕಂಡು ತೆಪ್ಪಗೆ ಕೂತ.

ಅಂದೇ ಸಂಜೆ ಹನಮಂತವ್ವ ಸೂಜಿ, ದಾರ ತೆಗೆದುಕೊಂಡು ವರ್ಗಕ್ಕೆ ಹೊರಟಳು. ಕಳಕಪ್ಪ ಹಿಂದಿನಿಂದ ಕೂಗಿದ: "ಹೋಗು! ಆದ್ರ ಗಂಜಿ ಮಾತು ಬಂದ್ರ ನನ್ನ ಕೇಳು!"

"ಕೇಳ್ತೀನ್ರಿ. ಅಲ್ಲೀತನಕ ಬೋಗಾಣಿ ತಿಕ್ಕಿ ಇಡ್ರಿ. ನಾಳಿಗೆ ಹೋಳಗಿ ಆಗಬೇಕು."

ಕಳಕಪ್ಪ ಬೂದಿ, ತೆಂಗಿನ ನಾರು ಹಿಡಿದು ಹಿತ್ತಲಲ್ಲಿ ಕೂತ. ತಳಕ್ಕೆ ಹತ್ತಿ ಒಣಗಿದ್ದ ಗಂಜಿ ಜಪ್ಪಯ್ಯ ಅಂದರೂ ಬಿಡಲಿಲ್ಲ. ಚಾಕುವಿನಿಂದ ಕೆರೆದ. ಕಲ್ಲಿನಿಂದ ಉಜ್ಜಿದ. ಮೊಣಕಾಲಿಗೆ ಆನಿಸಿಕೊಂಡು ತಿಕ್ಕಿದ. ಹನಮಂತವ್ವ ವರ್ಗ ಮುಗಿಸಿ ಬಂದಾಗ ಅವನಿನ್ನೂ ಬೆವರುತ್ತ ಅಲ್ಲೇ ಕೂತಿದ್ದ.

"ಬಿಡವಲ್ದು ಇದು!" ಎಂದು ಬೋಗಾಣಿಯ ಮೇಲೇ ಸಿಟ್ಟಾದ.

ಹನಮಂತವ್ವ ಬಗ್ಗಿ ನೋಡಿ, ಇನ್ನೊಂದು ಹಿಡಿ ಬೂದಿ ಹಾಕಿದಳು.

"ಯಾರ ಅಪ್ಪ ಬಂದ್ರೂ ಬಿಚ್ಚಾಕ ಆಗಬಾರದು ಅಂತ ಮುಂಜಾನೆ ನೀವ ಹೇಳಿದ್ರಲ್ಲ. ತಿಕ್ಕರಿ."